ಅರಗಿನ ಬಣ್ಣದ ಹಳೆಯ ತೊಟ್ಟಿಲಿಗೆ ಪಿಯು ಹೊಡೆಸಬಹುದೇ? ಮಳೆಗಾಲದಲ್ಲಿ ಲ್ಯಾಕರ್ ಬಿಳಿಚುವುದೇಕೆ?

ಪ್ರಶ್ನೆ: ನೀರ್ಚಾಲು ಮನೆ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ನೀರ್ಚಾಲಿನವರು. ನಮ್ಮ ಅಟ್ಟದಲ್ಲಿ ಬಹುಕಾಲದಿಂದ ಇದ್ದ ಬಣ್ಣದ ತೊಟ್ಟಿಲೊಂದನ್ನು ಮೊನ್ನೆ ಕೆಳಗಿಳಿಸಿದ್ದೇವೆ. ಮಾವನವರ ತಂದೆ ಅಡಿಕೆ ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಹೋಗಿಬರುತ್ತಿದ್ದಾಗ ಕಲಘಟಗಿಯಲ್ಲಿ ಮಾಡಿಸಿ ತಂದದ್ದೆಂದು ಅತ್ತೆ ಹೇಳುತ್ತಾರೆ. ಲೇತಿನಲ್ಲಿ ಕಡೆದ ನಾಲ್ಕು ಕಾಲುಗಳು ಮತ್ತು ಸುತ್ತಲಿನ ಕಡ್ಡಿಗಳ ಮೇಲೆ ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣದ ಪಟ್ಟೆಗಳಿವೆ. ಎರಡು ಬದಿಯ ಹಲಗೆಗಳ ಮೇಲೆ ಗಿಳಿ ಮತ್ತು ಬಳ್ಳಿಯ ಚಿತ್ರಗಳಿವೆ. ಅಟ್ಟದ ಕೆಳಗೆ ಒಲೆ ಇದ್ದುದರಿಂದ ಎಲ್ಲದರ ಮೇಲೂ ಹೊಗೆಯ ಮಸಿ ಕುಳಿತಿದೆ. ಹೊಳಪು ಬರಲೆಂದು ಹಿಂದೆ ಯಾರೋ ತೆಂಗಿನೆಣ್ಣೆ ಸವರಿದ್ದರಂತೆ, ಅದು ಈಗ ಧೂಳು ಹಿಡಿದು ಅಂಟಂಟಾಗಿದೆ. ಕೆಲವು ಕಡೆ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಒಂದು ಕಾಲಿನ ಬುಡದಲ್ಲಿ ಬಣ್ಣ ಚಕ್ಕೆಯಾಗಿ ಎದ್ದಿದೆ.

ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ. ಮಗುವನ್ನು ಇದೇ ತೊಟ್ಟಿಲಿನಲ್ಲಿ ಮಲಗಿಸಬೇಕೆಂಬುದು ಅತ್ತೆಯ ಆಸೆ. ಮನೆಯ ರಿಪೇರಿಗೆ ಬಂದಿರುವ ಪೈಂಟರ್, ಎಲ್ಲವನ್ನೂ ಸ್ಯಾಂಡ್ ಪೇಪರಿನಿಂದ ಉಜ್ಜಿ ಮೇಲೆ ಎರಡು ಕೋಟ್ ಪಿಯು ಕ್ಲಿಯರ್ (ಪಾಲಿಯುರೆಥೇನಿನ ಪಾರದರ್ಶಕ ಲೇಪ) ಹೊಡೆದರೆ ಹೊಸದರಂತಾಗುತ್ತದೆ ಎನ್ನುತ್ತಾರೆ. ಆದರೆ ಅವರೇ ಕಳೆದ ವಾರ ಎದುರಿನ ಹಲಸಿನ ಬಾಗಿಲಿಗೆ ಎನ್‌ಸಿ ಲ್ಯಾಕರ್ ಸ್ಪ್ರೇ ಮಾಡಿದ್ದರು; ಒಣಗುವಷ್ಟರಲ್ಲಿ ಅದರ ಮೇಲೆ ಮಂಜು ಕವಿದಂತೆ ಬಿಳಿಯ ಪದರ ಬಂದಿದೆ. ಹಾಗಾಗಿ ತೊಟ್ಟಿಲನ್ನು ಅವರ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ.

ತೊಟ್ಟಿಲಿನ ಹಳೆಯ ಲೇಪ ಯಾವುದೆಂದು ತಿಳಿಯುವುದು ಹೇಗೆ? ಅದರ ಮೇಲೆ ಏನು ಹಚ್ಚಬಹುದು? ಮಗುವಿಗೆ ಅದರಿಂದ ತೊಂದರೆ ಇದೆಯೇ? ಬಾಗಿಲನ್ನು ಸರಿಪಡಿಸಲು ಸಾಧ್ಯವೇ? ಇನ್ನೊಂದು ಮಾತನ್ನೂ ಕೇಳಬೇಕೆನಿಸಿದೆ. ಜಪಾನ್ ಮತ್ತು ಚೀನದ ಲ್ಯಾಕರ್ ತೇವದ ಗಾಳಿಯಲ್ಲಿಯೇ ಗಟ್ಟಿಯಾಗುತ್ತದೆಯೆಂದು ಓದಿದ್ದೇನೆ. ಹಾಗಿದ್ದರೆ ನಮ್ಮ ಆಟಿಯ ಮಳೆಗೆ ಅದೇ ಸೂಕ್ತವಲ್ಲವೇ?

ಉತ್ತರ: ಪಾಲಿಶ್ ಕೆಲಸ, ಕುಂಬಳೆ

ಅಕ್ಕ, ತೊಟ್ಟಿಲಿಗೆ ಸ್ಯಾಂಡ್ ಪೇಪರ್ ಮುಟ್ಟಿಸಲು ಸದ್ಯಕ್ಕೆ ಯಾರಿಗೂ ಬಿಡಬೇಡಿ. ಮರದ ಮೇಲಿರುವ ಲೇಪ ಯಾವುದೆಂದು ಗೊತ್ತಾಗುವ ಮೊದಲು ಮಾಡಿದ ಯಾವ ಕೆಲಸವನ್ನೂ ಆಮೇಲೆ ಹಿಂದಕ್ಕೆ ತರಲಾಗುವುದಿಲ್ಲ.

ಪರೀಕ್ಷೆ ಸುಲಭ. ಕಾಲಿನ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗವನ್ನು ಆರಿಸಿಕೊಳ್ಳಿ. ಒಣಬಟ್ಟೆಯಿಂದ ಅಲ್ಲಿನ ಧೂಳು ತೆಗೆದು, ಕಡ್ಡಿಗೆ ಸುತ್ತಿದ ಹತ್ತಿಯನ್ನು ಪಾಲಿಶಿಗೆ ಬಳಸುವ ಸ್ಪಿರಿಟ್‌ನಲ್ಲಿ ಅದ್ದಿ ಅರ್ಧ ನಿಮಿಷ ಅದರ ಮೇಲೆ ಇಟ್ಟು ನೋಡಿ. ಮೇಲ್ಮೈ ಅಂಟಾಗಿ ಹತ್ತಿಗೆ ಬಣ್ಣ ಹತ್ತಿದರೆ ಅದು ಅರಗು. ಸ್ಪಿರಿಟ್‌ಗೆ ಜಗ್ಗದೆ ತಿನ್ನರಿಗೆ ಕರಗಿದರೆ ಎನ್‌ಸಿ ಲ್ಯಾಕರ್, ಅಂದರೆ ನೈಟ್ರೊಸೆಲ್ಯುಲೋಸಿನದು. ಎರಡಕ್ಕೂ ಮಣಿಯದಿದ್ದರೆ ಎಣ್ಣೆಯ ವಾರ್ನಿಷ್, ಮೆಲಮೈನ್ ಅಥವಾ ಪಿಯು ಇರಬಹುದು. ಪರೀಕ್ಷೆಯನ್ನು ಸ್ಪಿರಿಟ್‌ನಿಂದಲೇ ಆರಂಭಿಸಬೇಕು, ಏಕೆಂದರೆ ತಿನ್ನರ್ ಬಹಳಷ್ಟು ಲೇಪಗಳನ್ನು ಒಟ್ಟಿಗೇ ಕೆದಕುತ್ತದೆ. ನಿಮ್ಮ ವರ್ಣನೆ ಓದಿದರೆ ಅದು ಅರಗೇ ಎಂದು ನನಗೆ ಅನಿಸುತ್ತದೆ.

ಅರಗಿನ ಮೇಲೆ ಪಿಯು ಹೊಡೆಸುವುದಕ್ಕೆ ನನ್ನ ವಿರೋಧವಿದೆ. ಸಾಮಾನ್ಯ ಅರಗಿನಲ್ಲಿ ಶೇಕಡಾ 5ರಷ್ಟು ಮೇಣ ಇರುತ್ತದೆ, ಆ ಮೇಣದ ಮೇಲೆ ಪಿಯು ಚೆನ್ನಾಗಿ ಹಿಡಿಯದು. ಅದರ ಮೇಲೆ ತೆಂಗಿನೆಣ್ಣೆ ಬೇರೆ ಸವರಿದ್ದಾರೆ. ತೆಂಗಿನೆಣ್ಣೆ ಅಗಸೆ ಎಣ್ಣೆಯಂತೆ ಒಣಗಿ ಪದರವಾಗುವ ಎಣ್ಣೆಯಲ್ಲ, ಎಷ್ಟು ವರ್ಷವಾದರೂ ಜಿಡ್ಡಾಗಿಯೇ ಉಳಿಯುತ್ತದೆ. ಎರಡು ಮೂರು ಮಳೆಗಾಲ ಕಳೆಯುವಾಗ ಪಿಯು ಹಾಳೆ ಹಾಳೆಯಾಗಿ ಏಳತೊಡಗಿದರೆ, ಏಳುವಾಗ ಕೆಳಗಿನ ಬಣ್ಣವನ್ನೂ ಹಿಡಿದುಕೊಂಡೇ ಏಳುತ್ತದೆ. ಪಿಯು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಊಟದ ಮೇಜಿಗೆ ನಾನೂ ಅದನ್ನೇ ಹೊಡೆಯುತ್ತೇನೆ, ಬಿಸಿ ಪಾತ್ರೆಗೂ ನೀರಿಗೂ ಅದು ತಡೆಯುತ್ತದೆ. ಆದರೆ ಒಮ್ಮೆ ಗಟ್ಟಿಯಾದ ಮೇಲೆ ಯಾವ ಸ್ಪಿರಿಟ್‌ಗೂ ಕರಗದ ಲೇಪವನ್ನು ಕರಗುವ ಲೇಪದ ಮೇಲೆ ಕೂರಿಸಿದರೆ, ಮುಂದೆ ರಿಪೇರಿ ಮಾಡುವವನಿಗೆ ದಾರಿಯೇ ಇರುವುದಿಲ್ಲ.

ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಮೊದಲು ಒಣ ಹತ್ತಿಬಟ್ಟೆಯಿಂದ ಒರಸಿ ನೋಡಿ. ಬಿಳಿ ಅಳಿಸಿಹೋದರೆ ಅದು ಬೂಷ್ಟು, ಬಣ್ಣದ ದೋಷವಲ್ಲ. ಒರಸಿದರೂ ಹೋಗದಿದ್ದರೆ ಲ್ಯಾಕರ್ ಬಿಳಿಚಿದೆ ಎಂದರ್ಥ. ತಿನ್ನರ್ ಬಹಳ ಬೇಗ ಆರುತ್ತದೆ, ಆರುವಾಗ ಮರದ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ನೀರಿನಂಶ ತುಂಬಿರುವಾಗ ಆ ತಂಪಿಗೆ ನೀರು ಸೂಕ್ಷ್ಮ ಹನಿಗಳಾಗಿ ಲೇಪದೊಳಗೆ ಇಳಿಯುತ್ತದೆ. ಲೇಪ ಬಿಗಿದುಕೊಂಡ ಮೇಲೆ ಆ ಜಾಗ ಬಿಳಿಯಾಗಿ ಕಾಣಿಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಆಟಿ ತಿಂಗಳಲ್ಲಿ ಎನ್‌ಸಿ ಸ್ಪ್ರೇ ಮಾಡಿದರೆ ಹೀಗಾಗುವುದು ಸಹಜ.

ಲೇಪವನ್ನು ಕಿತ್ತು ತೆಗೆಯಬೇಕಾಗಿಲ್ಲ. ಮಳೆ ಬಿಟ್ಟ ಒಣ ದಿನವೊಂದನ್ನು ನೋಡಿ, ನಿಧಾನವಾಗಿ ಆರುವ ತಿನ್ನರನ್ನು ತೆಳುವಾಗಿ ಸ್ಪ್ರೇ ಮಾಡಿಸಿ. ಬಣ್ಣದಂಗಡಿಯಲ್ಲಿ ರಿಟಾರ್ಡರ್ ಎಂದು ಕೇಳಿದರೆ ಕೊಡುತ್ತಾರೆ. ಅದು ಲೇಪವನ್ನು ತುಸು ಮೆದುಗೊಳಿಸಿ ಒಳಗಿನ ತೇವಕ್ಕೆ ಹೊರಬರಲು ಅವಕಾಶ ಕೊಡುತ್ತದೆ, ಬಿಳಿ ಮಾಯವಾಗುತ್ತದೆ. ಆದರೆ ಮಳೆಯ ಇರಿಚಲು ಮತ್ತು ಬಿಸಿಲು ನೇರವಾಗಿ ಬಡಿಯುವ ಎದುರು ಬಾಗಿಲಿಗೆ ಎನ್‌ಸಿ ಲ್ಯಾಕರಿನ ಆಯ್ಕೆಯೇ ಸರಿಯಲ್ಲ. ಅದು ಮನೆಯೊಳಗಿನ ಪೀಠೋಪಕರಣಕ್ಕೆ ಹೇಳಿದ ಲೇಪ. ಮುಂದಿನ ಬೇಸಗೆಯಲ್ಲಿ ಅದನ್ನು ತೆಗೆಸಿ, ಹೊರಗಿನ ಬಳಕೆಗೆಂದೇ ಬರುವ ಪಿಯು ಅಥವಾ ಎಣ್ಣೆಯ ವಾರ್ನಿಷ್ ಹಚ್ಚಿಸಿ. ನಾನು ಸ್ಪ್ರೇ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿದು ಮೇ ಕೊನೆಯ ಪತ್ತನಾಜೆಯೊಳಗೆ ಮುಗಿಸುತ್ತೇನೆ.

ತೊಟ್ಟಿಲಿನ ಬಿರುಕುಗಳಿಗೆ ಒಂದು ಉಪಾಯವಿದೆ. ಸ್ಪಿರಿಟ್‌ನಲ್ಲಿ ಬಹಳ ತೆಳುವಾಗಿ ಕರಗಿಸಿದ ಅರಗನ್ನು ಬ್ರಷ್ಷಿನಿಂದ ಒಮ್ಮೆ ಎಳೆದರೆ ಹಳೆಯ ಪದರ ಮತ್ತೆ ಮೆದುವಾಗಿ ಬಿರುಕು ತಾನಾಗಿ ಕೂಡಿಕೊಳ್ಳುತ್ತದೆ.

ಉತ್ತರ: ಲೇತ್ ಕೆಲಸ, ಹೊಸೂರು

ಕುಂಬಳೆಯ ಅಣ್ಣನವರ ಮಾತು ಬಹುಪಾಲು ಸರಿಯಾಗಿದೆ. ಆದರೆ ಕೊನೆಯ ಉಪಾಯವನ್ನು ಈ ತೊಟ್ಟಿಲಿಗೆ ಮಾಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಬೀಟಿ ಅಥವಾ ತೇಗದ ಮೇಲೆ ಬಣ್ಣವಿಲ್ಲದ ಅರಗಿನ ಪಾಲಿಶ್ ಇದ್ದರೆ ಆ ಉಪಾಯ ಬಹಳ ಒಳ್ಳೆಯದು. ಇಲ್ಲಿ ಬಣ್ಣವೇ ಅರಗಿನೊಳಗೆ ಇದೆ. ಸ್ಪಿರಿಟ್ ಇರುವ ಬ್ರಷ್ಷನ್ನು ಎಳೆದರೆ ಕೆಂಪು ಪಟ್ಟೆ ಹಳದಿಯ ಮೇಲೂ ಕಪ್ಪು ಪಟ್ಟೆ ಹಸಿರಿನ ಮೇಲೂ ಹರಿದು ಎಲ್ಲವೂ ಕದಡಿಹೋಗುತ್ತದೆ.

ಕಡೆದ ಮರಕ್ಕೆ ಅರಗು ಹಚ್ಚುವ ಕ್ರಮ ತಿಳಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಹೊಸೂರಿನಿಂದ ಚನ್ನಪಟ್ಟಣ ದೂರವೇನಲ್ಲ, ಕೆಲಸವನ್ನು ನಾನು ಕಲಿತದ್ದು ಅಲ್ಲಿಯ ಕೈಗಳಿಂದಲೇ. ಅರಗನ್ನು ಕೆಂಡದ ಮೇಲೆ ಕಾಯಿಸಿ, ಬಣ್ಣದ ಪುಡಿ ಸೇರಿಸಿ, ಎಳೆದು ಮಡಚಿ ಮತ್ತೆ ಎಳೆದು, ಬಣ್ಣ ಸಮನಾಗಿ ಬೆರೆತ ಮೇಲೆ ಕಡ್ಡಿಗಳನ್ನಾಗಿ ಮಾಡುತ್ತಾರೆ. ಲೇತಿನಲ್ಲಿ ಮರ ತಿರುಗುತ್ತಿರುವಾಗ ಆ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹರಡುತ್ತದೆ. ಅನಂತರ ತಾಳೆಗರಿಯನ್ನು ಒತ್ತಿ ಹಿಡಿದು ಹೆಚ್ಚಿನ ಅರಗನ್ನು ಸಮ ಮಾಡಿ ಹೊಳಪು ತರುತ್ತಾರೆ. ಬ್ರಷ್ ಇಲ್ಲ, ಸ್ಪಿರಿಟ್ ಇಲ್ಲ, ಒಣಗಲು ಕಾಯುವುದೂ ಇಲ್ಲ. ಲೇತ್ ನಿಂತಾಗ ಕೆಲಸ ಮುಗಿದಿರುತ್ತದೆ. ಹಾಲೆ ಮರವನ್ನು ಈ ಕೆಲಸಕ್ಕೆ ಇಷ್ಟಪಡುವುದು ಅದರ ಬಿಳಿಯ ಮೈ ಮತ್ತು ನಯವಾದ ಎಳೆಗಾಗಿ. ಆಂಧ್ರದ ಏಟಿಕೊಪ್ಪಾಕದವರೂ ಇದೇ ಮರದಲ್ಲಿ, ಇದೇ ಕ್ರಮದಲ್ಲಿ ಮಾಡುತ್ತಾರೆ. ಅವರ ಆಟಿಕೆಗಳಿಗೆ 2017ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಹಾಗಾಗಿ ಅಕ್ಕ, ನಿಮ್ಮ ತೊಟ್ಟಿಲನ್ನು ಎರಡು ಬೇರೆ ವಸ್ತುಗಳಂತೆ ನೋಡಬೇಕು. ಕಾಲು ಮತ್ತು ಕಡ್ಡಿಗಳು ಲೇತಿನ ಮೇಲೆ ಅರಗು ಕುಡಿದವು. ಬದಿಯ ಹಲಗೆಗಳು ಚಪ್ಪಟೆ, ಅವನ್ನು ಲೇತಿಗೆ ಕಟ್ಟಲಾಗದು. ಅಲ್ಲಿಯ ಗಿಳಿ ಬಳ್ಳಿಗಳನ್ನು ಕೈಯಿಂದ ಬರೆದು ಮೇಲೆ ಪಾರದರ್ಶಕ ಲೇಪ ಕೊಟ್ಟಿರಬೇಕು. ಕಾಲಿನ ಪರೀಕ್ಷೆಯ ಫಲವನ್ನು ನಂಬಿ ಹಲಗೆಯನ್ನು ಒರಸಬೇಡಿ. ಹಲಗೆಯ ಚಿತ್ರಕ್ಕೆ ನೀರು ಕೂಡ ಅಪಾಯವಾಗಬಹುದು, ಅಂಚಿನಲ್ಲಿ ಬೇರೆಯಾಗಿಯೇ ಪರೀಕ್ಷಿಸಿ.

ಚಕ್ಕೆ ಎದ್ದಿರುವ ಕಾಲನ್ನು ಬಿಚ್ಚಲು ಬರುವಂತಿದ್ದರೆ ಅರಗಿನ ಕೆಲಸ ಬಲ್ಲವರ ಲೇತಿಗೆ ಕೊಟ್ಟು ಆ ಪಟ್ಟೆಯನ್ನಷ್ಟೇ ತುಂಬಿಸಬಹುದು. ಬಿಚ್ಚಲು ಬಲಪ್ರಯೋಗ ಬೇಕೆಂದಾದರೆ ಹಾಗೆಯೇ ಬಿಡಿ. ಕೂದಲೆಳೆಯ ಬಿರುಕುಗಳಿಂದ ತೊಟ್ಟಿಲಿಗೆ ಯಾವ ಹಾನಿಯೂ ಇಲ್ಲ. ಮರ ಹಿಗ್ಗಿ ಕುಗ್ಗುವುದಕ್ಕೆ ಅರಗು ಸಮನಾಗಿ ಹಿಗ್ಗದು, ಹಳೆಯ ಅರಗು ಬಿರಿಯಲೇಬೇಕು.

ಉತ್ತರ: ಜತ್ತ ತಾಲೂಕು

ನಮ್ಮ ಸಾಂಗ್ಲಿ ಜಿಲ್ಲೆಯ ಕಡೆಗೆ ಕಲಘಟಗಿ ತೊಟ್ಟಿಲು ಇರುವ ಮನೆಗಳು ಇನ್ನೂ ಇವೆ, ನಮ್ಮಲ್ಲಿಯೂ ಒಂದಿದೆ. ಇಲ್ಲಿಯ ಹವೆ ಒಣ, ಹೀಗಾಗಿ ನಾವು ಹಬ್ಬಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರಸುವುದನ್ನು ಬಿಟ್ಟರೆ ಬೇರೆ ಏನನ್ನೂ ಮಾಡಿಲ್ಲ. ಬಣ್ಣ ಇಂದಿಗೂ ಗಟ್ಟಿಯಾಗಿದೆ. ಮನೆಯ ಮಕ್ಕಳೆಲ್ಲರೂ ಅದರಲ್ಲಿಯೇ ಮಲಗಿ ಬೆಳೆದಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಅತ್ತೆಯವರ ಆಸೆಯನ್ನು ಅಕ್ಕನವರು ನಡೆಸಿಕೊಡಬೇಕೆಂದು ನನ್ನ ಅನಿಸಿಕೆ.

ಉತ್ತರ: ನಿವೃತ್ತ ಅಧ್ಯಾಪಕ, ಮಂಜೇಶ್ವರ

ಮಗುವಿನ ವಿಷಯ ಎಲ್ಲಕ್ಕಿಂತ ಮುಖ್ಯವಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಜತ್ತದ ಸಹೋದರರ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಪುರಾವೆಯೆಂದು ಒಪ್ಪಲಾರೆ.

ಅರಗು ನಿರಪಾಯಕಾರಿ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳಲ್ಲಿ ಕೆರ್ರಿಯಾ ಲ್ಯಾಕ್ಕಾ ಎಂಬ ಕೀಟ ರಸ ಹೀರುತ್ತ ತನ್ನ ಮೈಸುತ್ತ ಒಸರುವ ರಾಳ ಅದು. ನಮ್ಮ ದೇಶದಲ್ಲಿ ಹೆಚ್ಚಾಗಿ ಝಾರ್ಖಂಡ್ ಮತ್ತು ಛತ್ತೀಸ್‌ಗಢದ ಕಾಡುಗಳಿಂದ ಬರುತ್ತದೆ. ಅದಕ್ಕೆಂದೇ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ 1924ರಿಂದ ಸಂಶೋಧನಾ ಸಂಸ್ಥೆಯೊಂದು ನಡೆದುಬಂದಿದೆ. ಶುದ್ಧ ಅರಗನ್ನು ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ, ಸೇಬಿನ ಸಿಪ್ಪೆಯ ಹೊಳಪಿಗೆ ಬಳಸುತ್ತಾರೆ. ಆಹಾರದ ಸೇರ್ಪಡೆಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಇ 904. ಹೀಗಾಗಿ ಮಗು ಅರಗನ್ನು ಚೀಪಿತೆಂಬ ಭಯ ಬೇಡ.

ಭಯಪಡಬೇಕಾದದ್ದು ಅರಗಿನೊಳಗಿನ ಬಣ್ಣಕ್ಕೆ. ಹಳೆಯ ಕಾಲದಲ್ಲಿ ಹಳದಿಗೆ ಹರಿದಾಳವನ್ನು ಬಳಸುತ್ತಿದ್ದರು, ಅದರಲ್ಲಿ ಆರ್ಸೆನಿಕ್ ಇದೆ. ಕೆಂಪಿಗೆ ಇಂಗಳೀಕ, ಅದು ಪಾದರಸದ ಸಂಯುಕ್ತ. ಆಮೇಲೆ ಅಂಗಡಿಯ ಬಣ್ಣದ ಪುಡಿಗಳು ಬಂದವು; ಕ್ರೋಮ್ ಹಳದಿಯೆಂದರೆ ಸೀಸದ ಕ್ರೋಮೇಟ್, ಹಳದಿಗೆ ನೀಲಿ ಬೆರೆಸಿ ಮಾಡಿದ ಹಸಿರಿನಲ್ಲಿಯೂ ಅದೇ ಸೀಸ ಇರಬಹುದು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಿಮ್ಮ ತೊಟ್ಟಿಲು ಆ ನಿಯಮಕ್ಕಿಂತ ಎಷ್ಟೋ ಹಳೆಯದು. ಸೀಸ ಮಗುವಿನ ಮಿದುಳಿನ ಬೆಳವಣಿಗೆಗೆ ಮಾಡುವ ಹಾನಿ ಜ್ವರದಂತೆ ಹೊರಗೆ ಕಾಣಿಸಿಕೊಳ್ಳುವುದಿಲ್ಲ, ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವನ್ನು ನೋಡಿ ಇದು ತೊಟ್ಟಿಲಿನಿಂದಾಯಿತೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಏನೂ ಆಗಿಲ್ಲ ಎಂಬ ಮಾತಿಗೆ ಇಲ್ಲಿ ತೂಕ ಕಡಿಮೆ.

ಪೈಂಟರ್ ಹೇಳಿದಂತೆ ಒಣದಾಗಿ ಉಜ್ಜುವುದು ಈ ಕಾರಣಕ್ಕಾಗಿಯೇ ಅತ್ಯಂತ ಅಪಾಯದ ಕೆಲಸ. ಮರಕ್ಕೆ ಅಂಟಿಕೊಂಡಿರುವ ಬಣ್ಣಕ್ಕಿಂತ ಧೂಳಾಗಿ ಮನೆಯೆಲ್ಲ ಹರಡಿದ ಬಣ್ಣ ಹೆಚ್ಚು ಕೆಟ್ಟದ್ದು, ಮನೆಯಲ್ಲಿ ಗರ್ಭಿಣಿ ಇರುವಾಗ ಅಂಥ ಧೂಳು ಏಳಿಸಲೇಬಾರದು. ಎದ್ದಿರುವ ಚಕ್ಕೆಯ ಒಂದು ತುಣುಕನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ಸೀಸ, ಆರ್ಸೆನಿಕ್ ಮತ್ತು ಪಾದರಸದ ಪರೀಕ್ಷೆ ಮಾಡಿಸಬಹುದು. ಹಳದಿಯನ್ನೂ ಕೆಂಪನ್ನೂ ಬೇರೆ ಬೇರೆಯಾಗಿ ಕೊಡಬೇಕು. ಫಲಿತಾಂಶ ಬರುವವರೆಗೆ ನನ್ನ ಸಲಹೆ ಇದು: ತೊಟ್ಟಿಲು ಹಾಕುವ ದಿನ ಕಾಲು ಕಡ್ಡಿಗಳಿಗೆ ಹೊಸ ಹತ್ತಿಬಟ್ಟೆ ಸುತ್ತಿ ಮಗುವನ್ನು ಅದರಲ್ಲಿ ಮಲಗಿಸಿ ಅತ್ತೆಯ ಕೈಯಿಂದಲೇ ತೂಗಿಸಿ, ಪ್ರತಿದಿನದ ನಿದ್ದೆಗೆ ಬಟ್ಟೆಯ ತೊಟ್ಟಿಲು ಇರಲಿ. ಮಗು ಹಲ್ಲು ಮೊಳೆತು ಎದ್ದು ಕಡ್ಡಿ ಕಚ್ಚುವ ವಯಸ್ಸಿಗೆ ಬಂದಾಗ ಹಳೆಯ ತೊಟ್ಟಿಲು ಅದರ ಕೈಗೆ ಸಿಗಬಾರದು. ಮೇಲೆ ಹೊಸ ಲೇಪ ಹಚ್ಚಿದರೆ ಅಪಾಯ ಮುಚ್ಚಿಹೋಗುತ್ತದೆ ಎಂದೂ ಭಾವಿಸಬೇಡಿ, ಹಲ್ಲಿಗೆ ತೆಳು ಲೇಪ ತಡೆಯಲ್ಲ.

ಇನ್ನು ಜಪಾನಿನ ಲ್ಯಾಕರ್. ನಿಮ್ಮ ಪ್ರಶ್ನೆ ನನಗೆ ಬಹಳ ಸಂತೋಷ ಕೊಟ್ಟಿತು. ನಮ್ಮ ಅರಗಿಗೂ ಅದಕ್ಕೂ ಹುಟ್ಟಿನಲ್ಲಿಯೇ ಸಂಬಂಧವಿಲ್ಲ. ಅಲ್ಲಿಯದು ಕೀಟದ ರಾಳವಲ್ಲ, ಮರದ ತೊಗಟೆಯನ್ನು ಗೀರಿದಾಗ ಒಸರುವ ಹಾಲು. ಅದರ ಮುಖ್ಯ ಅಂಶ ಉರುಶಿಯಾಲ್. ಹಾಲಿನಲ್ಲಿಯೇ ಇರುವ ಲ್ಯಾಕೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕವನ್ನು ಹಿಡಿದು ಉರುಶಿಯಾಲಿನ ಅಣುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆ ಕಿಣ್ವ ಕೆಲಸ ಮಾಡಬೇಕಾದರೆ ತೇವ ಬೇಕು. ಅದಕ್ಕಾಗಿ ಜಪಾನಿನ ಕುಶಲಕರ್ಮಿಗಳು ಲೇಪಿಸಿದ ವಸ್ತುವನ್ನು ಸುಮಾರು 20ರಿಂದ 30 ಡಿಗ್ರಿ ಉಷ್ಣತೆ ಮತ್ತು ಶೇಕಡಾ 70ರಿಂದ 85ರಷ್ಟು ತೇವ ಇರುವ ಮರದ ಕಪಾಟಿನಲ್ಲಿ ಇಟ್ಟು ಗಟ್ಟಿಯಾಗಿಸುತ್ತಾರೆ. ಒಮ್ಮೆ ಬೆಸೆದುಕೊಂಡ ಪದರವನ್ನು ಸ್ಪಿರಿಟ್ ಕರಗಿಸದು, ಬಿಸಿನೀರು ಕೆಡಿಸದು. ನೇರ ಬಿಸಿಲೊಂದೇ ಅದರ ಶತ್ರು. ಅರಗಿನ ಪಾಲಿಶ್ ಹಾಗಲ್ಲ, ಸ್ಪಿರಿಟ್ ಆರಿಹೋದಾಗ ಉಳಿದ ರಾಳವಷ್ಟೇ ಅದು, ಮತ್ತೆ ಸ್ಪಿರಿಟ್ ಸಿಕ್ಕಿದರೆ ಮತ್ತೆ ಕರಗುತ್ತದೆ. 75 ಡಿಗ್ರಿಯ ಆಸುಪಾಸಿನಲ್ಲಿ ಶಾಖಕ್ಕೂ ಕರಗುತ್ತದೆ. ಕುಂಬಳೆಯವರ ಎನ್‌ಸಿ ಲ್ಯಾಕರಿನ ಸ್ವಭಾವವೂ ಕರಗಿ ಆರುವುದೇ. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಅದನ್ನು ಡ್ಯೂಕೋ ಎಂಬ ಹೆಸರಿನಲ್ಲಿ ಕಾರುಗಳಿಗೆ ತಂದಿತು, ನಮ್ಮ ಪೈಂಟರುಗಳ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ.

ಹವೆಯ ಮಟ್ಟಿಗೆ ನಮ್ಮ ಮಳೆಗಾಲ ಉರುಶಿ ಎಂಬ ಈ ಜಪಾನಿ ಲ್ಯಾಕರಿಗೆ ಒಗ್ಗುವುದೆಂಬುದು ನಿಜ. ಆದರೆ ಉರುಶಿಯಾಲ್ ಹಸಿಯಾಗಿರುವಾಗ ಚರ್ಮಕ್ಕೆ ತಾಗಿದರೆ ಗುಳ್ಳೆಗಳೇಳುತ್ತವೆ. ಆ ಮರದ ಬಂಧುಗಳು ನಮ್ಮ ಕಾಡಿನಲ್ಲಿಯೂ ಇವೆ: ಹೊಲಗೇರು, ಮಲಯಾಳದಲ್ಲಿ ಚೇರು ಎನ್ನುವುದು, ಗೇರುಮರದ ಕುಟುಂಬಕ್ಕೇ ಸೇರಿದ್ದು. ಅದರ ಕಪ್ಪಾಗುವ ಹಾಲು ತಾಗಿ ಮೈ ಊದಿಸಿಕೊಂಡವರು ತಾನ್ನಿ (ತಾರೆ) ಮರಕ್ಕೆ ಸುತ್ತು ಬರುವ ನಂಬಿಕೆ ಕೇರಳದಲ್ಲಿ ಈಗಲೂ ಇದೆ. ಯಾರೂ ಅದನ್ನು ಲ್ಯಾಕರ್ ಮಾಡಲು ಹೋಗಬಾರದು. ಗೇರುಬೀಜದ ಸಿಪ್ಪೆಯ ಎಣ್ಣೆಯ ಮಾತು ಬೇರೆ. ಅದರಲ್ಲಿಯೂ ಉರುಶಿಯಾಲಿನ ಹತ್ತಿರದ ಸಂಬಂಧಿಗಳಾದ ಕಾರ್ಡಾಲ್ ಮತ್ತು ಅನಕಾರ್ಡಿಕ್ ಆಮ್ಲ ಇವೆ, ನಮ್ಮ ಕರಾವಳಿಯಲ್ಲಿ ಮಾಡಿನ ಪಕ್ಕಾಸು ರೀಪುಗಳಿಗೂ ದೋಣಿಗಳಿಗೂ ಗೆದ್ದಲು ಮತ್ತು ನೀರಿನ ತಡೆಗೆಂದು ಅದನ್ನು ಬಳಿಯುವ ರೂಢಿ ಇದ್ದದ್ದು ಸುಮ್ಮನೆ ಅಲ್ಲ. ಅದು ಮಾಡಿನ ಮರಕ್ಕೆ ಇರಲಿ, ತೊಟ್ಟಿಲ ಹತ್ತಿರ ತರಬೇಡಿ.

ನೀರ್ಚಾಲು ಮನೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕಾಲಿನ ಬುಡದಲ್ಲಿ ಸ್ಪಿರಿಟ್ ಹತ್ತಿ ಇಟ್ಟು ನೋಡಿದೆ, ತಕ್ಷಣ ಅಂಟಾಗಿ ಹತ್ತಿ ಕೆಂಪಾಯಿತು. ಹಲಗೆಯ ಅಂಚಿನಲ್ಲಿ ಸ್ಪಿರಿಟ್‌ಗೆ ಮೇಲಿನ ಪದರ ಮೆದುವಾಯಿತು, ಆದರೆ ಬಣ್ಣ ಬರಲಿಲ್ಲ. ಒದ್ದೆ ಹತ್ತಿಗೆ ಎರಡೂ ಕಡೆ ಮಸಿ ಮಾತ್ರ ಬಂತು. ಪೈಂಟರಿಗೆ ತೊಟ್ಟಿಲಿನ ಕೆಲಸ ಬೇಡವೆಂದು ತಿಳಿಸಿದ್ದೇನೆ. ಮಾಷ್ಟ್ರು ಹೇಳಿದ ಪರೀಕ್ಷೆಗೆ ಚಕ್ಕೆಯನ್ನು ಕೊಡುತ್ತೇವೆ. ಅತ್ತೆಗೂ ಎಲ್ಲವನ್ನೂ ಓದಿ ಹೇಳಿದೆ. ತೊಟ್ಟಿಲು ಹಾಕುವ ದಿನ ಒಮ್ಮೆ ತೂಗಿದರೆ ಸಾಕೆಂದು ಒಪ್ಪಿದ್ದಾರೆ.

ಮಸಿ ಮತ್ತು ಎಣ್ಣೆಯ ಜಿಡ್ಡನ್ನು ತೆಗೆಯುವ ಕ್ರಮವನ್ನು, ಅದಾದ ಮೇಲೆ ಏನಾದರೂ ಹಚ್ಚಬೇಕೇ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ. ಸಾಬೂನು ನೀರು ಅಥವಾ ಚಿಮಿಣಿ ಎಣ್ಣೆ ಆಗಬಹುದೇ?

ಉತ್ತರ: ಪಾಲಿಶ್ ಕೆಲಸ, ಕುಂಬಳೆ

ಹೊಸೂರಿನವರು ಹೇಳಿದ ತಿದ್ದುಪಡಿಯನ್ನು ಒಪ್ಪುತ್ತೇನೆ. ಬಣ್ಣದ ಪಟ್ಟೆಗಳಿರುವ ಕಡೆ ಸ್ಪಿರಿಟ್ ಬೇಡವೇ ಬೇಡ.

ಸಾಬೂನು ಬಳಸಬೇಡಿ ಅಕ್ಕ. ಸಾಬೂನು, ಸೋಡಾ, ಗಾಜು ಒರಸುವ ಅಮೋನಿಯದ ದ್ರಾವಣ ಇವೆಲ್ಲ ಕ್ಷಾರಗಳು. ಕ್ಷಾರಕ್ಕೆ ಅರಗು ಕರಗುತ್ತದೆ. ಮೊದಲು ಮೆತ್ತನೆಯ ಒಣ ಬ್ರಷ್ಷಿನಿಂದ ಸಡಿಲ ಧೂಳನ್ನು ತೆಗೆಯಿರಿ, ಚಕ್ಕೆ ಎದ್ದ ಜಾಗವನ್ನು ಮುಟ್ಟಬೇಡಿ. ಈ ಕೆಲಸವನ್ನು ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿ, ಮಗಳು ಮನೆಗೆ ಬರುವ ಮೊದಲೇ ಮುಗಿಸಿ. ಅನಂತರ ಹಳೆಯ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ ಪೂರ್ತಿ ಹಿಂಡಿ, ಅಂಗೈಯಷ್ಟು ಜಾಗವನ್ನು ಒರಸಿ ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯುತ್ತ ಮುಂದೆ ಹೋಗಿ. ಮಸಿಯಾದ ಬಟ್ಟೆಯನ್ನು ಆಗಾಗ ಬದಲಾಯಿಸಿ. ನೀರು ನಿಂತರೆ ಅರಗು ಬಿಳಿಚುತ್ತದೆ.

ನೀರಿಗೆ ಬಾರದ ಜಿಡ್ಡಿಗೆ ಟರ್ಪೆಂಟೈನ್ ಆಗುತ್ತದೆ. ಅದು ಅರಗನ್ನು ಕರಗಿಸುವುದಿಲ್ಲ, ಎಣ್ಣೆಯನ್ನು ಕರಗಿಸುತ್ತದೆ. ಚಿಮಿಣಿ ಎಣ್ಣೆಯ ಗುಣವೂ ಬಹುತೇಕ ಅದೇ, ಆದರೆ ಅದು ನಿಧಾನವಾಗಿ ಆರುತ್ತದೆ ಮತ್ತು ವಾಸನೆ ಬಹುದಿನ ಉಳಿಯುತ್ತದೆ, ಆದ್ದರಿಂದ ಬೇಡ. ಹಲಗೆಯ ಚಿತ್ರದ ಮೇಲೆ ಟರ್ಪೆಂಟೈನ್ ಬಳಸುವ ಮೊದಲು ಮತ್ತೆ ಅಂಚಿನಲ್ಲಿ ಪರೀಕ್ಷಿಸಿ, ಏಕೆಂದರೆ ನಡುವೆ ಯಾರಾದರೂ ಬೇರೆ ಬಣ್ಣ ಹಚ್ಚಿದ್ದರೆ ನಮಗೆ ಗೊತ್ತಾಗದು.

ಕಾಲು ಕಡ್ಡಿಗಳಿಗೆ ಜೇನುಮೇಣದ ಪಾಲಿಶ್ ಸಾಕು. ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಇನ್ನೊಂದು ಪಾತ್ರೆಯಲ್ಲಿ ಕರಗಿಸಿ, ಒಲೆಯನ್ನು ಪೂರ್ತಿ ಆರಿಸಿದ ಮೇಲೆ ಟರ್ಪೆಂಟೈನ್ ಬೆರೆಸಿ ಬೆಣ್ಣೆಯ ಹದಕ್ಕೆ ತನ್ನಿ. ಬಹಳ ತೆಳುವಾಗಿ ಹಚ್ಚಿ, ಆರಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಮಂಕಾದ ಬಣ್ಣ ಮೇಲೆ ಬರುವುದನ್ನು ನೀವೇ ನೋಡುತ್ತೀರಿ.

ಹಲಗೆಗಳ ಪಾರದರ್ಶಕ ಪದರ ತೀರಾ ಸವೆದಿದ್ದರೆ ಮಾತ್ರ ಹೊಸ ಅರಗು ಬೇಕು. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಹಾಳೆ ಹಾಕಿದರೆ ತೆಳು ಪಾಲಿಶ್ ಆಗುತ್ತದೆ. ಪೀಠೋಪಕರಣಕ್ಕೆ ನಾವು ಅದರ ಇಮ್ಮಡಿ ಹಾಕುತ್ತೇವೆ, ಇಲ್ಲಿಗೆ ಅಷ್ಟು ಬೇಡ. ನಿಮಗೆ ಕಾಲು ಲೀಟರ್ ಮಾಡಿದರೆ ಧಾರಾಳ. ಗಾಜಿನ ಬಾಟಲಿಯಲ್ಲಿಯೇ ಕರಗಿಸಿ, ಕಬ್ಬಿಣದ ಡಬ್ಬಿಯಲ್ಲಿ ಇಟ್ಟರೆ ಅರಗು ಕಪ್ಪಾಗುತ್ತದೆ. ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಟ್ಟು, ನಡುನಡುವೆ ಅಲುಗಾಡಿಸಿ, ಬೆಳಗ್ಗೆ ತೆಳುಬಟ್ಟೆಯಲ್ಲಿ ಸೋಸಿ. ಹತ್ತಿಯನ್ನು ಹಳೆಯ ಮಲ್ ಬಟ್ಟೆಯಲ್ಲಿ ಕಟ್ಟಿದ ಪೊಟ್ಟಣದಿಂದ, ಒಂದೇ ದಿಕ್ಕಿನಲ್ಲಿ, ಒಮ್ಮೆ ಎಳೆದ ಜಾಗಕ್ಕೆ ಮತ್ತೆ ಮರಳದೆ ಹಚ್ಚಿ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಅರ್ಧ ದಿನ ಬಿಡಿ, ಎರಡು ಕೋಟ್ ಮೀರಬೇಡಿ. ಸ್ಪಿರಿಟ್ ಕೆಲಸ ಮಾಡುವಾಗ ಕಿಟಕಿಗಳು ತೆರೆದಿರಲಿ, ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇರಬಾರದು. ಅಂಗಡಿಯಲ್ಲಿ ಕರಗಿಸಿಟ್ಟ ಹಳೆಯ ಪಾಲಿಶ್ ಕೊಂಡುಕೊಳ್ಳಬೇಡಿ. ಕರಗಿಸಿ ಬಹಳ ತಿಂಗಳಾದ ಅರಗು ಎಷ್ಟು ಕಾದರೂ ಅಂಟಾಗಿಯೇ ಉಳಿಯುತ್ತದೆ. ನೀವು ಮಾಡಿದ್ದರಲ್ಲಿಯೂ ಮೊದಲು ಗಾಜಿನ ಮೇಲೆ ಒಂದು ಹನಿ ಬಿಟ್ಟು, ಅದು ಗಟ್ಟಿಯಾಗುವುದನ್ನು ನೋಡಿದ ಮೇಲೆಯೇ ಹಲಗೆಗೆ ಹೋಗಿ.

ಧೂಳು ತೆಗೆಯುವುದನ್ನೂ ಒರಸುವುದನ್ನೂ ಈಗಲೇ ಮಳೆ ಬಿಟ್ಟ ದಿನಗಳಲ್ಲಿ ಮಾಡಬಹುದು. ಅರಗು ಹಚ್ಚಲು ಮಾತ್ರ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಮುಗಿಯಲಿ.

ಉತ್ತರ: ಲೇತ್ ಕೆಲಸ, ಹೊಸೂರು

ಇದಕ್ಕೆ ಸೇರಿಸಬೇಕಾದದ್ದು ಇಡುವ ಜಾಗದ ಬಗ್ಗೆ ಮಾತ್ರ. ಒಲೆಯ ಮೇಲಿನ ಅಟ್ಟಕ್ಕೆ ತೊಟ್ಟಿಲನ್ನು ಮತ್ತೆ ಏರಿಸಬೇಡಿ, ತಗಡಿನ ಮಾಡಿನ ಕೆಳಗೂ ಬೇಡ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ಕಟ್ಟಿಕೊಂಡು ಬೂಷ್ಟು ಬರುತ್ತದೆ, ಬೇಸಗೆಯಲ್ಲಿ ಅರಗು ಮೆದುವಾಗಿ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಬಿಡಿಸುವಾಗ ಬಣ್ಣವೂ ಬರುತ್ತದೆ. ಹಳೆಯ ಪತ್ರಿಕೆ ಸುತ್ತಿದರೆ ಅಕ್ಷರಗಳು ಮೂಡುತ್ತವೆ. ಒಗೆದ ಹತ್ತಿಯ ಪಂಚೆಯೊಂದನ್ನು ಸಡಿಲವಾಗಿ ಹೊದಿಸಿ, ಚಾವಡಿಯಲ್ಲಿ ಗೋಡೆಗೆ ತಾಗದಂತೆ, ಬಿಸಿಲು ನೇರವಾಗಿ ಬೀಳದ ಕಡೆ ಇಡಿ. ಆಟಿಯಲ್ಲಿ ವಾರಕ್ಕೊಮ್ಮೆ ಪಂಚೆ ತೆಗೆದು ಗಾಳಿಯಾಡಲು ಬಿಟ್ಟರೆ ಸಾಕು.